ಚಿಮಣಿ ಮುಚ್ಚಿದ ದಿನ

ಅಕ್ಟೋಬರ್ ೨೬, ಭಾನುವಾರ

ಬೆರಳು ಮರಗಟ್ಟಿವೆ. ಆದರೂ ಬರೆಯದೆ ಮಲಗಲಾರೆ. ಭೂಮಿಯ ಈ ದಕ್ಷಿಣ ತುದಿಯಲ್ಲಿ ಡಿಸೆಂಬರಿಗೆ ಬರುವ ಬೇಸಿಗೆಗೆಂದು, ಹಕ್ಕಿ ಗೂಡು ಕಟ್ಟದಂತೆ, ಈ ಸಲ ಅಗ್ಗಿಷ್ಟಿಕೆಯ ಚಿಮಣಿ ಮುಚ್ಚಿದವಳು ನಾನು! ಮಂಡಿ ಆಪರೇಷನ್ ಆದ ನನ್ನ ಗಂಡ ಲಿಂಡ್ಸೆ ಕೆಳಗೆ ಏಣಿ ಹಿಡಿದು ನಿಂತಿದ್ದ, ಅಷ್ಟೆ.

"ಗ್ಲೆನಿಸ್, ಒಳಗೆ ಹಕ್ಕಿ ಇದೆಯೇನೋ ನೋಡೇ," ಎಂದು ಕೂಗಿದ.

"ಹೋದ ವರ್ಷ ಹಕ್ಕಿನ ಒಳಗೇ ಬಿಟ್ಟು ಮುಚ್ಚಿದ್ದು ಯಾರಪ್ಪಾ? ಕ್ರಿಸ್‌ಮಸ್‌ವರೆಗೂ ಮನೆಯೆಲ್ಲಾ ಗಬ್ಬು ನಾತ!"

ಏಣಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ.

ಬ್ರಷ್ಷಿನಿಂದ ಉಜ್ಜಿ ಉಜ್ಜಿ ಮಸಿ ಇಳಿಸಿದೆ. ಸ್ಟಾರ್ಲಿಂಗ್ ಹಕ್ಕಿಗಳು ಗೂಡಿಗೆಂದು ತುರುಕಿದ್ದ ಹುಲ್ಲನ್ನೆಲ್ಲ ಎಳೆದು ಹಾಕಿದೆ; ಸದ್ಯ, ಇನ್ನೂ ಮೊಟ್ಟೆ ಇಟ್ಟಿರಲಿಲ್ಲ. ಮೇಲೆ ತಂತಿ ಜಾಲರಿ ಬಿಗಿದೆ. ಕೆಳಗೆ ಅಗ್ಗಿಷ್ಟಿಕೆಯ ಬಾಯಿಗೆ ನಾನೇ ಕೊಯ್ದ ಹಲಗೆ ಕೂರಿಸಿದೆ.

ಹೋಬಾರ್ಟಿನ ಕೃಷಿ ಮೇಳ ಮುಗಿದರೆ ಬೇಸಿಗೆ ಬಂತೆಂದೇ ನಮ್ಮ ಲೆಕ್ಕ. ಟೊಮೇಟೊ ಸಸಿ ನೆಡುತ್ತೇವೆ, ಮತ್ತೆ ಅಗ್ಗಿಷ್ಟಿಕೆ ಹೊತ್ತಿಸುವುದಿಲ್ಲ. ಈ ವರ್ಷದ ಮೇಳ ಗುರುವಾರವೇ ಮುಗಿಯಿತು. ಇವತ್ತು ಕತ್ತಲಾಗುತ್ತಲೇ ಹಿಮ ಬಿತ್ತು.

"ಹಲಗೆ ತೆಗೀಲಾ?" ಹಲ್ಲು ಕಟಕಟಿಸುತ್ತ ಕೇಳಿದ ಲಿಂಡ್ಸೆ.

"ಮುಟ್ಟಿದ್ರೆ ನೋಡು!"

ಪಾಪ, ಎರಡು ಕಂಬಳಿ ಹೊದ್ದು ಗೊಣಗುತ್ತಿದ್ದಾನೆ. ನಾನು ಅವನ ಕೋಟನ್ನೂ ಹಾಕಿಕೊಂಡು, ನಡುಗುತ್ತ, ಆ ಹಲಗೆಯನ್ನೇ ನೋಡುತ್ತ ಕೂತಿದ್ದೇನೆ. ಹೊರಗೆ ಇಷ್ಟು ಗಾಳಿ, ಒಂಚೂರಾದರೂ ಅಲುಗಾಡಬೇಕಲ್ಲ, ಊಹೂಂ, ಕೂರಿಸಿದವಳು ನಾನಲ್ಲವೇ!