ಸರದಾರನ ಪರೀಕ್ಷೆ

ಹತ್ತರಗಿ
18 ಜನವರಿ 2025, ಶನಿವಾರ

ಪ್ರೀತಿಯ ಮಗ ಮಾಲಿಂಗನಿಗೆ,

ಅವ್ವನ ಆಶೀರ್ವಾದ. ಆರಾಮಾಗಿದ್ದೀಯಾ? ಸಾಂಗ್ಲಿಯ ಚಳಿಯಲ್ಲಿ ಕಬ್ಬು ಕೊಯ್ಯುವ ಯಂತ್ರ ಹತ್ತುವ ಮುಂಚೆ ಹೊಟ್ಟೆಗೇನಾದರೂ ಹಾಕಿಕೋ. ಫೋನಿರುವಾಗ ಕಾಗದ ಏಕೆಂದು ನಗಬೇಡ. ನೀನು ಸ್ಪೀಕರ್ ಹಾಕಿಯೇ ಮಾತಾಡುತ್ತೀ, ಈ ಸುದ್ದಿ ನಿನ್ನ ಜೊತೆಯವರಿಗೆಲ್ಲ ಬೇಡ. ಸೊಸೆ ಶೈಲಾ ಇನ್ನೂ ತವರಿನಲ್ಲೇ ಏಕಿದ್ದಾಳೆ ಎಂದು ನೀನು ಕೇಳಿದಾಗಲೆಲ್ಲ ನಾನು ಮಾತು ತಿರುಗಿಸಿದೆ. ಅದನ್ನು ಕೊನೆಗೆ ಬರೆಯುತ್ತೇನೆ.

ಮೊದಲು ನಿನ್ನ ಟಗರಿನ ಸುದ್ದಿ. ಮೂಡಲಗಿಯಿಂದ ನೀನೇ ಆರಿಸಿ ತಂದು, ಹಣೆಗೆ ಭಂಡಾರದ ಅರಿಸಿನ ಬಳಿದು, ಫೋಟೊ ತೆಗೆದು ಫೋನಿನಲ್ಲಿ ಇಟ್ಟುಕೊಂಡ ಸರದಾರ. ಅವನು ಬಂದ ಮೇಲೆ ನಮ್ಮ ಕುರಿಗಳು ಗಬ್ಬವಾಗುವುದೇ ನಿಂತಿತ್ತಲ್ಲ. ಅವನ ಕೊಂಬು, ಎದೆ ನೋಡಿ ಯಾರೂ ಸಂಶಯಪಡಲಿಲ್ಲ, ನಾನಂತೂ ಪಡಲೇ ಇಲ್ಲ. ಕುರಿಗಳನ್ನೇ ಬೈದೆ. ಎರಡನ್ನು ಬಂಜೆ ಎಂದು ಹೋದ ಶಿವರಾತ್ರಿಗೆ ಹುಕ್ಕೇರಿ ಸಂತೆಯಲ್ಲಿ ಕಣಗಲಾ ಊರಿನ ಪರಪ್ಪನಿಗೆ ಮಾರಿದೆ. ಚೌತಿಯ ಸಂತೆಯಲ್ಲಿ ಅವನೇ ಸಿಕ್ಕು, "ಶೆಟ್ಟೆವ್ವಕ್ಕ, ನಿನ್ನ ಬಂಜಿ ಕುರಿ ಎರಡೂ ಮರಿ ಹಾಕ್ಯಾವ, ಒಂದಂತೂ ಜೋಡ ಮರಿ ಹಾಕೈತಿ" ಎಂದ. ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಮನೆಗೆ ಬಂದವಳೇ ಪಶು ಡಾಕ್ಟರ್ ಕಸ್ತೂರಿಯವರನ್ನು ಕರೆಸಿದೆ. "ಅವ್ವಾರ, ಬರೇ ಕುರಿಗೆ ಬೈತೀರಲ್ಲ, ಟಗರನ್ನ ಒಂದ್ಸಲನರ ತೋರಿಸೀರೇನ್ರಿ?" ಎಂದರು. ಸರದಾರನ ವೀರ್ಯ ತೆಗೆದು ಸೂಕ್ಷ್ಮದರ್ಶಕದಲ್ಲಿಟ್ಟು ನನಗೂ ತೋರಿಸಿದರು. ನಾಲ್ಕೈದು ವೀರ್ಯಾಣು ಓಡಾಡುತ್ತಿದ್ದವು, ಉಳಿದವು ಹುಕ್ಕೇರಿ ಬಸ್ಸಿಗೆ ಕಾಯುವವರ ಹಾಗೆ ಸುಮ್ಮನೆ ನಿಂತಿದ್ದವು. ತಗಡಿನ ಶೆಡ್ಡಿನ ಬಿಸಿ, ಬರೀ ಒಣ ಮೇವು, ಇವುಗಳಿಂದ ಒಳಗೊಳಗೇ ತುಕ್ಕು ಹಿಡಿದಂತೆ ಆಗುತ್ತದಂತೆ. ಅದನ್ನು ತಡೆಯುವ ಔಷಧಕ್ಕೆ ಆಂಟಿಆಕ್ಸಿಡೆಂಟ್ ಅನ್ನುತ್ತಾರಂತೆ. ವಿಟಮಿನ್ ಇ, ಸೆಲೆನಿಯಂ ಕೂಡಿದ ಪುಡಿ ಕೊಟ್ಟು, ಅಳತೆ ಮೀರಿದರೆ ವಿಷ ಎಂದು ಎಚ್ಚರಿಸಿದರು. ಎರಡು ತಿಂಗಳು ಹಸಿ ಮೇವಿನ ಜೊತೆ ತಿನ್ನಿಸಿದೆ. ನಿಮ್ಮಪ್ಪ ನನ್ನ ಕಣ್ಣು ತಪ್ಪಿಸಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಎರಡು ದಿನ ಮೀಸೆ ತಿರುವುತ್ತ ಕೂತಿದ್ದರು. ಆದದ್ದು ಹೊಟ್ಟೆನೋವು ಮಾತ್ರ.

ಮೊನ್ನೆ ಡಾಕ್ಟರು ಸ್ಕ್ಯಾನ್ ಮಾಡಿದರು. ಹನ್ನೊಂದು ಕುರಿಗಳಲ್ಲಿ ಒಂಬತ್ತು ಗಬ್ಬ. ಒಂದೊಂದರ ತಲೆ ಸವರಿ ತಪ್ಪಾಯಿತು ಎಂದು ಹೇಳುತ್ತ ಹೋದೆ. ಕೊನೆಯ ಕುರಿಯ ಹತ್ತಿರ ಬಂದಾಗ ಶೈಲಾ ನೆನಪಾದಳು, ಅಲ್ಲೇ ಕೂತು ಅತ್ತುಬಿಟ್ಟೆ.

ರೊಟ್ಟಿ, ಶೇಂಗಾ ಚಟ್ನಿ ಕಳಿಸಿದ್ದೇನೆ, ಎಲ್ಲರಿಗೂ ಕೊಟ್ಟು ತಿನ್ನು. ಬೀರಪ್ಪ ನಿನ್ನನ್ನು ಕಾಯಲಿ.

ನಿನ್ನ ಅವ್ವ
ಶೆಟ್ಟೆವ್ವ

ತಾ.ಕ.: ನಾಲ್ಕು ವರ್ಷ ಮಕ್ಕಳಾಗಲಿಲ್ಲವೆಂದು ಆ ಹುಡುಗಿಗೆ ಸಿಕ್ಕಸಿಕ್ಕ ಕಷಾಯ ಕುಡಿಸಿದೆ. ಸರದಾರನಿಗೆ ಪುಡಿ ತಿನ್ನಿಸುತ್ತಿದ್ದ ಇದೇ ಕೈಯಿಂದ ದೀಪಾವಳಿಗೆ ಅವಳ ಗಂಟು ಕಟ್ಟಿ ಮೂಡಲಗಿಯ ತವರಿಗೆ ಕಳಿಸಿದೆ, ನಿನಗೆ ಬೇರೆ ಹೆಣ್ಣು ನೋಡುವ ಮಾತೂ ಆಡಿದೆ. ನಿನ್ನನ್ನು ಮಾತ್ರ ಯಾರಿಗೂ ತೋರಿಸಲಿಲ್ಲ. ಇವತ್ತು ಮಧ್ಯಾಹ್ನದ ಬಸ್ಸಿಗೆ ಅವಳನ್ನು ಕರೆಯಲು ಹೊರಟಿದ್ದೇನೆ, ಬರುವುದಿಲ್ಲ ಎಂದರೆ ಅವರ ಬಾಗಿಲಲ್ಲೇ ಕೂರುತ್ತೇನೆ. ನೀನು 27ರ ಸೋಮವಾರ ಗೋಕಾಕಿಗೆ ಬಾ. ಅಲ್ಲಿ ಮಕ್ಕಳಾಗದವರನ್ನು ನೋಡುವ ಡಾಕ್ಟರ ಹತ್ತಿರ ಹೆಸರು ಬರೆಸಿದ್ದೇನೆ, ಅವಳದಲ್ಲ, ನಿನ್ನದು. ಸರದಾರನನ್ನು ಪರೀಕ್ಷೆಗೆ ಹಿಡಿಯಲು ಮೂರು ಜನ ಬೇಕಾದರು. ನೀನು ನೀನಾಗಿಯೇ ಬಾ.