ಸೀಸೆಯೊಳಗಿನ ಹಳೆಯ ಚೀಟಿ

ಫೆಬ್ರವರಿ ೧೧, ಬುಧವಾರ. ಸೋಲಾಪುರ.

ಕರಜಗಿಯ ಕಲ್ಲುಗುಡ್ಡದ ಹಲ್ಲಿ ಬೇರೆಯೇ ಪ್ರಭೇದವೆಂದು ಡಿಎನ್‌ಎಯಿಂದ ಸಾಬೀತಾಯಿತು. ಸಾಬೀತು ಮಾಡಿದವಳು ನನ್ನ ಹಳೆಯ ವಿದ್ಯಾರ್ಥಿನಿ ಛಾಯಾ. ಅದಕ್ಕೆ ನನಗೆ ಹೊಟ್ಟೆ ಉರಿಯಲಿಲ್ಲ. ಆದರೆ ಅವಳು ಅದಕ್ಕೆ ಕುರಿ ಕಾಯುವ ಕಾಮಣ್ಣನ ಹೆಸರಿಟ್ಟಿದ್ದಾಳೆ.

ಇಪ್ಪತ್ತು ವರ್ಷದ ಹಿಂದೆ ನನಗೆ ಅದನ್ನು ಹಿಡಿದುಕೊಟ್ಟವನೇ ಅವನು. "ಇದು ಮನ್ಯಾಗಿನ ಹಲ್ಲಿ ಕುಲದ್ದಲ್ರಿ ಸರ, ಇದರ ನಡಿಗೀನ ಬ್ಯಾರೆ ಐತಿ," ಅಂದಿದ್ದ.

"ನಡಿಗಿ ನೋಡಿ ಕುಲ ಹೇಳಾಕ ಇದೇನು ನಿನ್ನ ಕುರಿ ಏನೋ?" ಎಂದು ನಕ್ಕಿದ್ದೆ. ಮೈಮೇಲಿನ ಹುರುಪೆ ಎಣಿಸಿ, 'ಮನೆಹಲ್ಲಿ' ಎಂದು ಚೀಟಿ ಬರೆದು, ಹಲ್ಲಿಯ ಜೊತೆಗೇ ಸ್ಪಿರಿಟಿನ ಸೀಸೆಯೊಳಗೆ ಬಿಟ್ಟಿದ್ದೆ. ಅವನ ಅದೇ ಮಾತನ್ನು ಛಾಯಾ ನಂಬಿದಳು.

ಇವತ್ತು ಆ ಸೀಸೆ ಒಯ್ಯಲು ಬಂದಿದ್ದಳು. "ಕಾಮಣ್ಣಗ ಹೇಳಿದೆರಿ. 'ಹಲ್ಲಿಗಿ ನನ್ನ ಹೆಸರ್ಯಾಕಬೇ?' ಅಂತ ನಕ್ಕ," ಅಂದಳು.

ಬೇಕಿಲ್ಲದವನಿಗೇ ಸಿಕ್ಕಿತು. ನನ್ನ ಚೀಟಿಯನ್ನಾದರೂ ತೆಗೆದುಬಿಡು ಅಂದೆ.

"ಹೊಸಾ ಚೀಟಿ ಹಾಕಿದ್ರೂ ಹಳೇದು ತಗೀಬಾರ್ದು ಅಂತ ನೀವ ಕಲಿಸೀರಲ್ರಿ ಸರ."

ಹೌದು, ನಾನೇ ಕಲಿಸಿದ್ದು. ಇನ್ನು ಒಂದೇ ಸ್ಪಿರಿಟಿನಲ್ಲಿ ಅವನ ಹೆಸರು, ಪಕ್ಕದಲ್ಲಿ ನನ್ನ ಕೈಬರಹದ 'ಮನೆಹಲ್ಲಿ'. ನಾವಿಬ್ಬರೂ ಹೋದ ಮೇಲೂ ಅವೆರಡೂ ಅಲ್ಲೇ ಇರುತ್ತವೆ.