ಮೂರನೇ ಕೋಣೆಯ ಗೋಡೆ

ಕೊಡ್ಲಿಪೇಟೆ,
ಆಗಸ್ಟ್ ೧೧, ಸೋಮವಾರ

ಪ್ರೀತಿಯ ಮಗಳು ದಿವ್ಯಶ್ರೀಗೆ ಅಪ್ಪನ ಆಶೀರ್ವಾದ.

ಹೇಗಿದ್ದೀಯಮ್ಮ? ಧಾರವಾಡದಲ್ಲೂ ಮಳೆ ಹಿಡಿದಿದೆ ಎಂದು ಟೀವಿಯಲ್ಲಿ ನೋಡಿದೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯೋ, ಚಹಾ ಕುಡಿದೇ ದಿನ ದೂಡುತ್ತಿದ್ದೀಯೋ? ನಿನ್ನ ಎದೆಯುರಿ ನನಗೆ ಗೊತ್ತಿಲ್ಲದ್ದೇನಲ್ಲ. ಗೆಳತಿಯ ಮನೆಯಲ್ಲಿ ಇನ್ನೆಷ್ಟು ದಿನ ಎಂದು ಕೇಳುವುದಿಲ್ಲ. ಹದಿನೈದು ದಿನದಿಂದ ನೀನು ಫೋನ್ ಎತ್ತಿಲ್ಲ, ಅದಕ್ಕೇ ಈ ಕಾಗದ. ಅಮ್ಮನ ಮಂಡಿನೋವು ಹಾಗೇ ಇದೆ. ನಿನ್ನ ನೆನಪಾದಾಗೆಲ್ಲ ತಟ್ಟೆ ಬಿಟ್ಟು ಏಳುತ್ತಾಳೆ. ನಾನು ಕಾಗದ ಬರೆದು ಇಪ್ಪತ್ತು ವರ್ಷವಾಗಿರಬೇಕು, ಅಕ್ಷರ ಕೋಳಿ ಕೆದರಿದ ಹಾಗಿದೆ. ನಗುವುದಾದರೆ ನಗು, ನೀನು ನಕ್ಕು ಬಹಳ ದಿನವಾಯಿತು.

ಊರಿನ ಸುದ್ದಿ ಬರೆಯಲೇಬೇಕು. ಹೊಸ ಶಾಲೆಯ ಮೂರನೇ ಕೋಣೆಯ ಗೋಡೆ ಬಿದ್ದು ಬಿಸಿಯೂಟದ ಹೊನ್ನಮ್ಮ ಸತ್ತು ಇವತ್ತಿಗೆ ಇಪ್ಪತ್ತಾರು ದಿನ. ಮಕ್ಕಳೆಲ್ಲ ತಟ್ಟೆ ತೊಳೆಯಲು ಹೊರಗೆ ಹೋಗಿದ್ದರು ಎಂಬುದೊಂದೇ ಪುಣ್ಯ. ಈಗ ಅವರನ್ನು ಸೊಸೈಟಿಯ ಗೊಬ್ಬರದ ಗೋದಾಮಿನಲ್ಲಿ ಕೂರಿಸಿದ್ದಾರೆ. ತಗಡಿನ ಮಾಡು, ಮಳೆ ಹೊಯ್ದರೆ ಟೀಚರ್ ಹೇಳುವುದು ಮೊದಲನೇ ಸಾಲಿಗೂ ಕೇಳಿಸುವುದಿಲ್ಲ. ಹಳೇ ಶಾಲೆಯಲ್ಲಿ ಇದನ್ನೇ ನೋಡಿ ತಾನೆ ನೀನು ಹೆಂಚಿನ ಮಾಡು, ಅದರ ಕೆಳಗೆ ಬಿದಿರಿನ ತಟ್ಟಿ ಎಂದು ನಕ್ಷೆ ಬರೆದದ್ದು. ಗಾಳಿಮಳೆ ಬಡಿಯುವ ಪಶ್ಚಿಮಕ್ಕೆ ಕಿಟಕಿಯೇ ಬೇಡವೆಂದೆ. ಪೂರ್ವದ ಕಿಟಕಿಯನ್ನು, ನೆಲದಲ್ಲಿ ಕೂತ ಒಂದನೇ ಕ್ಲಾಸಿನ ಮಗುವಿಗೂ ಹೊರಗಿನ ಮರ ಕಾಣುವಷ್ಟು ತಗ್ಗಿಸಿದೆ. ಅದೇ ಜಾಗದ ಮಣ್ಣಿನಲ್ಲಿ ಒತ್ತಿದ ಇಟ್ಟಿಗೆ, ಮೊಣಕಾಲೆತ್ತರದ ಕಲ್ಲಿನ ಕಟ್ಟೆ, ಗೋಡೆಗೆ ಹನಿ ತಾಗದಷ್ಟು ಚಾಚಿದ ಸೂರು. ಈಗ ಬಸ್‌ಸ್ಟ್ಯಾಂಡಿನಲ್ಲಿ ಕೂತವರೆಲ್ಲ ಎಂಜಿನಿಯರುಗಳೇ. ಕೊಡಗಿನ ಮಳೆಗೆ ಮಣ್ಣಿನ ಶಾಲೆ ಕಟ್ಟಿಸಿದ ಹುಚ್ಚು ಹುಡುಗಿ ಎನ್ನುತ್ತಾರೆ. ತಮ್ಮ ಅಜ್ಜ ಹುಟ್ಟಿದ್ದು ಎಂಥ ಗೋಡೆಯ ಮನೆಯಲ್ಲಿ ಎಂಬುದು ಒಬ್ಬರಿಗೂ ನೆನಪಿಲ್ಲ. ತನಿಖೆಗೆ ಬಂದ ಎಂಜಿನಿಯರ್ ಕೂಡ ನಕ್ಷೆಯದೇ ತಪ್ಪು ಎಂದು ಬರೆಯುವ ಹಾಗಿದೆ. ಹಾಗೆ ಬರೆದರೆ ನಿನ್ನ ಮೇಲೆ ಕೇಸು, ಉಳಿದೆರಡು ಕೋಣೆಯೂ ನೆಲಸಮ.

ಆ ಎರಡು ಕೋಣೆ ಅದೇ ಮಳೆ ತಿಂದು ಕದಲದೆ ನಿಂತಿವೆ. ಯಾಕೆ ಎಂದು ಯಾರೂ ಕೇಳುತ್ತಿಲ್ಲ. ಕೇಳಿದರೆ ಉತ್ತರ ಹೇಳಬೇಕಾದವನು ನಾನು. ಇಟ್ಟಿಗೆ ಒತ್ತಿಸಿ ಒಣಗಿಸುವ ಉಸ್ತುವಾರಿಯನ್ನು ನೀನು ನನಗೆ ಬಿಟ್ಟಿದ್ದೆ. ಮಾರ್ಚಿನಲ್ಲಿ, ನೀನು ಮಡಿಕೇರಿಗೆ ಹೋಗಿದ್ದ ದಿನ, ಮಧ್ಯಾಹ್ನ ಆಕಾಶ ಕಪ್ಪಾಯಿತು. ಹೂಮಳೆ. ಕಾಫಿ ಹೂವಾಗಲು ಊರೆಲ್ಲ ತಿಂಗಳಿಂದ ಕಾಯುತ್ತಿದ್ದ ಮಳೆ. ಆದರೆ ನಮ್ಮ ಕಣದಲ್ಲಿ ಹರಡಿದ್ದ ರೋಬಸ್ಟಾ ಕಾಫಿ ಇನ್ನೂ ಅರೆ ಒಣಗಿತ್ತು. ಮೋಡ ಕಂಡರೆ ಕಣಕ್ಕೆ ಓಡುವುದು ನಮಗೆ ಹುಟ್ಟಿನಿಂದ ಬಂದದ್ದು, ತಲೆ ಯೋಚಿಸುವ ಮೊದಲೇ ಕಾಲು ಓಡಿರುತ್ತದೆ. ಮನೆಯ ಟಾರ್ಪಾಲು ಸಾಲದೆಂದು ಶಾಲೆಯ ಹಸಿ ಇಟ್ಟಿಗೆಗೆ ಹೊದಿಸಿದ್ದ ಎರಡನ್ನೂ ಎಳೆದುಕೊಂಡೆ. ಇಟ್ಟಿಗೆ ಕೆಲಸಕ್ಕೆ ಕೂಲಿಗೆ ಬಂದಿದ್ದ ಹೊನ್ನಮ್ಮ ಅಲ್ಲೇ ಇದ್ದಳು. "ಜಯಪ್ಪಣ್ಣ, ಕಾಫಿ ನೆಂದ್ರೆ ಮತ್ತೆ ಒಣಗ್ತದೆ. ಇವು ನಿನ್ನೆ ಒತ್ತಿದ್ದು, ಹೈಕ್ಳ ಗೋಡೆಗೆ ಹೋಗೋವು" ಎಂದಳು. ಸುಮ್ಮನಿರು ಎಂದು ಗದರಿ ಹೋದೆ.

ಒಂದು ಗಂಟೆ ಸುರಿಯಿತು. ಮೇಲಿನ ಸಾಲು ಬೆಲ್ಲದ ಹಾಗೆ ಕರಗಿತ್ತು, ಎಸೆದೆ. ಕೆಳಗಿನವು ನೋಡಲು ನೆಟ್ಟಗಿದ್ದವು. ನಾಲ್ಕು ಬಿಸಿಲು ಕಾಯಿಸಿ ಹಾಗೇ ಪೇರಿಸಿಟ್ಟೆ. ಹತ್ತಕ್ಕೊಂದು ಇಟ್ಟಿಗೆಯನ್ನು ನೀರಲ್ಲಿ ಮುಳುಗಿಸಿ ನೋಡಿದೆಯಾ ಅಪ್ಪ ಎಂದು ನೀನು ಫೋನಿನಲ್ಲಿ ಕೇಳಿದೆ. ನೋಡಿದ್ದೆ, ಆದರೆ ಹಳೇ ರಾಶಿಯಿಂದ ತೆಗೆದು. ಎಲ್ಲ ಗಟ್ಟಿ ಇದೆ ಮಗಳೇ ಎಂದೆ. ಅಷ್ಟು ಓದಿದ ಮಗಳು ಮೊದಲ ಸಲ ಅಪ್ಪನನ್ನು ನಂಬಿ ಒಂದು ಕೆಲಸ ಕೊಟ್ಟಿದ್ದಾಳೆ, ಅದನ್ನು ಕೆಡಿಸಿದೆ ಎನ್ನಲು ನಾಚಿಕೆಯಾಯಿತು. ಜೂನಿಗೆ ಶಾಲೆ ತೆರೆಯಬೇಕಿತ್ತು, ಆ ಇಟ್ಟಿಗೆಯೆಲ್ಲ ಮೂರನೇ ಕೋಣೆಗೆ ಹೋಯಿತು.

ಹೊನ್ನಮ್ಮ ಒಬ್ಬರ ಹತ್ತಿರವೂ ಬಾಯಿ ಬಿಡಲಿಲ್ಲ. ಎದುರು ಸಿಕ್ಕಾಗ ಊಟ ಆಯ್ತಾ ಎಂದು ಕೇಳುತ್ತಿದ್ದಳು, ಅಷ್ಟೇ. ಅವಳನ್ನು ಮಣ್ಣು ಮಾಡಿ ಬಂದ ದಿನ, ಇನ್ನು ಇದು ಗೊತ್ತಿರುವುದು ನನಗೊಬ್ಬನಿಗೇ ಎಂಬ ಯೋಚನೆ ಬಂತು. ಬಂದದ್ದಷ್ಟೇ ಅಲ್ಲ, ಸ್ವಲ್ಪ ಹಾಯೆನಿಸಿತು. ಅಂಥ ಮನುಷ್ಯ ನಿನ್ನ ಅಪ್ಪ. ಎಂಜಿನಿಯರ್ ಇಟ್ಟಿಗೆ ಹೇಗಿತ್ತು ಎಂದು ಕೇಳಿದಾಗ, ಮಗಳು ಹೇಳಿದ ಹಾಗೇ ಮಾಡಿದೆವು ಸಾರ್ ಎಂದುಬಿಟ್ಟೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ನಾನು ಮುಟ್ಟಿಕೊಳ್ಳಲೂ ಇಲ್ಲ, ನಿನ್ನ ಹೆಗಲಿಗೆ ಹೊರಿಸಿದೆ.

ನೀನು ಹೊರಟ ಬೆಳಿಗ್ಗೆ, ನನ್ನ ಲೆಕ್ಕ ಎಲ್ಲಿ ತಪ್ಪಿತು ಅಪ್ಪ ಎಂದು ಕೇಳಿದೆ. ನಾನು ಬ್ಯಾಗಿನ ಜಿಪ್ ಎಳೆಯುತ್ತ ನಿಂತೆ. ನಿನ್ನ ಲೆಕ್ಕ ಎಲ್ಲೂ ತಪ್ಪಿಲ್ಲ ಮಗಳೇ. ಇದನ್ನು ಅವತ್ತೇ ಹೇಳಬೇಕಿತ್ತು.

ವೀರಭದ್ರಸ್ವಾಮಿ ನಿನ್ನನ್ನು ಕಾಯಲಿ. ಗೆಳತಿಯ ಮನೆಯ ಹಿರಿಯರಿಗೆ ನನ್ನ ಶರಣು ತಿಳಿಸು. ಮಜ್ಜಿಗೆ ಕುಡಿ, ಚಹಾ ಕಡಿಮೆ ಮಾಡು.

ನಿನ್ನ ಅಪ್ಪ,
ಜಯಪ್ಪ

ಇನ್ನೊಂದು ಮಾತು: ಅಂಚೆಗೆ ಹಾಕುವ ಮೊದಲು ಇದನ್ನೇ ಮತ್ತೊಂದು ಹಾಳೆಯಲ್ಲಿ ಬರೆದು, ಸಹಿ ಹಾಕಿ ಎಂಜಿನಿಯರ್ ಕೈಗೆ ಕೊಟ್ಟು ಬಂದೆ. ಹೊನ್ನಮ್ಮನ ಮಗಳಿಗೂ ಓದಿ ಹೇಳಿದೆ. ಅವಳು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಗುರುವಾರ ನನ್ನನ್ನು ಠಾಣೆಗೆ ಬರಹೇಳಿದ್ದಾರೆ, ಅಲ್ಲಿಂದ ಮನೆಗೆ ಬಿಡುತ್ತಾರೋ ಇಲ್ಲವೋ ತಿಳಿಯದು. ಅಮ್ಮನಿಗೆ ಇವತ್ತು ಹೇಳುತ್ತೇನೆ. ಇಷ್ಟಾದರೂ ಉಳಿದೆರಡು ಕೋಣೆ ಕೆಡವಲು ಮುಂದಿನ ಸೋಮವಾರ ಜೆಸಿಬಿ ಬರುವುದು ನಿಂತಿಲ್ಲ, ವರದಿಗೂ ಮೊದಲೇ ಆದೇಶ ಆಗಿಹೋಗಿದೆ ಎನ್ನುತ್ತಾರೆ. ಅಷ್ಟರೊಳಗೆ ಬಾ. ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ಮನೆಗೆ ಬರಬೇಡ, ನೇರವಾಗಿ ಶಾಲೆಗೆ ಹೋಗು. ಆ ಎರಡು ಕೋಣೆಯ ಮುಂದೆ ನಿಂತು ಬೇಡ ಎನ್ನಲು ಈ ಊರಿನಲ್ಲಿ ಬೇರೆ ಯಾರೂ ಇಲ್ಲ.